ಸೇತುವೆ ಗಾಳಿ ಅಳೆಯುತ್ತದೆ, ಗುಡ್ಡದ ಸುದ್ದಿ ಹೇಳುವವರು ಯಾರು?

ಹೊನ್ನಾವರ ಮತ್ತು ಮಂಕಿ ನಿಲ್ದಾಣಗಳ ನಡುವೆ ಶರಾವತಿಗೆ ಅಡ್ಡಲಾಗಿ ಕಟ್ಟಿದ ರೈಲು ಸೇತುವೆ ಎರಡು ಕಿಲೋಮೀಟರಿಗಿಂತ ತುಸು ಉದ್ದ ಇದೆ. ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಇದು. ಅದರ ಮೇಲೆ ರೈಲು ಹೋಗುವಾಗ ನಾವೆಲ್ಲ ಕಿಟಕಿಯಿಂದ ಅಳಿವೆ, ದೋಣಿ, ತೆಂಗಿನ ತೋಟ ನೋಡುತ್ತೇವೆ. ಆದರೆ ಅಲ್ಲಿ ಗಾಳಿಯ ವೇಗ ಅಳೆಯುವ ಒಂದು ಯಂತ್ರ ಇರುವುದು ಬಹಳ ಮಂದಿಯ ಗಮನಕ್ಕೆ ಬಂದಿರಲಿಕ್ಕಿಲ್ಲ.

ಇಡೀ ಕೊಂಕಣ ಮಾರ್ಗದಲ್ಲಿ ಇಂಥ ಯಂತ್ರ ಹಾಕಿರುವುದು ನಾಲ್ಕು ಕಡೆ. ರತ್ನಾಗಿರಿ ಹತ್ತಿರದ ಪಾನ್‌ವಳ್, ಗೋವಾದ ಮಾಂಡವಿ ಮತ್ತು ಜುವಾರಿ, ನಾಲ್ಕನೆಯದು ನಮ್ಮ ಶರಾವತಿ. ಬಿದ್ದ ಮಳೆಯನ್ನು ತಾನಾಗಿಯೇ ಅಳೆದು ಬರೆದಿಡುವ ಯಂತ್ರ ಒಂಬತ್ತು ನಿಲ್ದಾಣಗಳಲ್ಲಿದೆ. ಅದರಲ್ಲಿ ಭಟ್ಕಳ ಒಂದು, ಕಾರವಾರ ಒಂದು.

ಹೀಗೆ ಒಂದು ಜಾಗವೇ ಗಾಳಿ, ಮಳೆ, ನೀರು, ಜನರ ಓಡಾಟ ಎಲ್ಲವನ್ನೂ ಗಮನಿಸುತ್ತ, ಬೇಕಾದಾಗ ಮನುಷ್ಯರಿಗೆ ಹೇಳುವ ವ್ಯವಸ್ಥೆಗೆ ಈಗ ಸ್ಮಾರ್ಟ್ ಪರಿಸರ ಎಂದು ಹೆಸರು. ಕಂಪ್ಯೂಟರ್ ಮೇಜಿನ ಮೇಲೆ ಮಾತ್ರ ಇರದೆ ಎಲ್ಲೆಲ್ಲೂ ಹರಡಿರುವ ಕಾಲ ಇದು ಎನ್ನುತ್ತಾರೆ. ಸ್ಮಾರ್ಟ್ ಎಂದ ಕೂಡಲೇ ಬೆಂಗಳೂರಿನ ದೊಡ್ಡ ಮನೆ, ಮಾತಾಡಿದರೆ ಉರಿಯುವ ದೀಪ, ತಾನೇ ತೆರೆಯುವ ಬಾಗಿಲು ನೆನಪಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಇದು ಹೊಸ ವಿಷಯವೂ ಅಲ್ಲ, ಐಷಾರಾಮದ ವಿಷಯವೂ ಅಲ್ಲ. ಇಲ್ಲಿ ಇದು ಜೀವ ಉಳಿಯುವ, ಹೋಗುವ ವಿಷಯ. ಅದರ ಇತಿಹಾಸವನ್ನು ಒಮ್ಮೆ ಹಿಂತಿರುಗಿ ನೋಡೋಣ.

ಬಂದರಿನ ಕಂಬ

1864ರಲ್ಲಿ ಕಲ್ಕತ್ತಾಕ್ಕೆ ಭೀಕರ ಚಂಡಮಾರುತ ಬಡಿಯಿತು. ಮರುವರ್ಷ, ಅಂದರೆ 1865ರಲ್ಲಿ, ಅಲ್ಲಿನ ಬಂದರಿನಲ್ಲಿ ಹಡಗುಗಳಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಶುರುವಾಯಿತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಬಂದರಿನ ಸೂಚನೆಯ ಪದ್ಧತಿ ಕ್ರಮೇಣ ದೇಶದ ಉಳಿದ ಬಂದರುಗಳಿಗೂ ಹರಡಿತು.

ಆ ಪದ್ಧತಿ ಬಹಳ ಸರಳ. ಎತ್ತರದ ಒಂದು ಕಂಬ. ಹಗಲಲ್ಲಿ ಅದಕ್ಕೆ ಶಂಕುವಿನ ಆಕಾರದ, ಡ್ರಮ್ಮಿನ ಆಕಾರದ ಗುರುತುಗಳನ್ನು ಏರಿಸುವುದು. ರಾತ್ರಿ ಕೆಂಪು, ಬಿಳಿ ದೀಪಗಳನ್ನು ಒಂದು ಲೆಕ್ಕದಲ್ಲಿ ತೂಗುಹಾಕುವುದು. ಒಂದರಿಂದ ಹನ್ನೊಂದರವರೆಗೆ ಸೂಚನೆಗಳು. ಇವತ್ತಿಗೂ ಪತ್ರಿಕೆಯಲ್ಲಿ ‘ಬಂದರಿನಲ್ಲಿ 3ನೇ ನಂಬರಿನ ಎಚ್ಚರಿಕೆ’ ಎಂದು ಓದುತ್ತೇವಲ್ಲ, ಅದು ಈ ಪದ್ಧತಿಯ ಮುಂದುವರಿಕೆ.

ಆ ಕಾಲದಲ್ಲಿ ನಮ್ಮ ಊರುಗಳ ದಾರಿ ಸಮುದ್ರವೇ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಘಟ್ಟದ ಮೇಲಿನ ಹತ್ತಿ ಗಾಡಿಗಳಲ್ಲಿ ಇಳಿದು ಬಂದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ಬಿತ್ತು. ಹೊನ್ನಾವರ, ಭಟ್ಕಳ ಅದಕ್ಕಿಂತ ಹಳೆಯ ಬಂದರುಗಳು. ಗಾಳಿ ಯಾವಾಗ ತಿರುಗುತ್ತದೆ ಎನ್ನುವುದರ ಮೇಲೆ ಸರಕು, ಸಾಲ, ಜೀವ ಎಲ್ಲವೂ ನಿಂತಿತ್ತು.

ಆ ಕಂಬದಿಂದ ಇವತ್ತಿಗೂ ಕಲಿಯುವುದಿದೆ. ಅದನ್ನು ತಿಳಿಯಲು ಓದು ಬರಹ ಬೇಕಿರಲಿಲ್ಲ. ಖಾರ್ವಿ, ಮೊಗೇರ, ಹರಿಕಂತ್ರ, ಅಂಬಿಗ, ದಾಲ್ದಿ, ಯಾರ ಮನೆಮಾತು ಯಾವುದಾದರೂ ಗುರುತು ಒಂದೇ. ದೋಣಿ ಕಟ್ಟುವ ಜಾಗದಲ್ಲೇ ಕಾಣುತ್ತಿತ್ತು, ಹುಡುಕಿಕೊಂಡು ಹೋಗಬೇಕಿರಲಿಲ್ಲ. ಗುರುತು ಏರಿದರೆ ಏನು ಮಾಡಬೇಕು ಎನ್ನುವುದೂ ಮೊದಲೇ ಗೊತ್ತಿತ್ತು. ಕಂಬಕ್ಕೆ ಒಂದೇ ಕೊರತೆ. ದೋಣಿ ಒಮ್ಮೆ ನೀರಿಗಿಳಿದು ದೂರ ಹೋದ ಮೇಲೆ ಕಂಬ ಕಾಣುತ್ತಿರಲಿಲ್ಲ. ಆಮೇಲೆ ತಾಂಡೇಲನಿಗೆ ಉಳಿಯುವುದು ಮೋಡ, ಹಕ್ಕಿ, ನೀರಿನ ಬಣ್ಣ, ಹಿರಿಯರಿಂದ ಬಂದ ಅನುಭವ.

ಮುಂದಿನ ನೂರೈವತ್ತು ವರ್ಷಗಳಲ್ಲಿ ಬಂದ ಪ್ರತಿ ಯಂತ್ರವನ್ನೂ ಈ ಕಂಬದ ಪಕ್ಕ ಇಟ್ಟು ನೋಡಬಹುದು. ಯಂತ್ರಕ್ಕೆ ಗೊತ್ತಾಯಿತು ಸರಿ, ಅದು ಯಾರಿಗೆ ಹೇಳಿತು? ಅವರಿಗೆ ತಿಳಿಯುವ ಹಾಗೆ ಹೇಳಿತೇ? ಹೇಳಿದ ಮೇಲೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತೇ?

ರೈಲು ಕಲಿತ ಪಾಠ

ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ಇ. ಶ್ರೀಧರನ್ ಅದರ ಮುಖ್ಯಸ್ಥರಾಗಿದ್ದರು. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಮಾರ್ಗ. ಘಟ್ಟ ಮತ್ತು ಸಮುದ್ರದ ನಡುವಿನ ಕಿರಿದಾದ ನೆಲದಲ್ಲಿ ಗುಡ್ಡ ಸೀಳಿ, ಸುರಂಗ ಕೊರೆದು, ಹೊಳೆಗಳಿಗೆ ಸೇತುವೆ ಹಾಕಿ ಕಟ್ಟಿದ್ದು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಮುಂಬೈ ಒಂದು ರಾತ್ರಿಯ ಪ್ರಯಾಣವಾಯಿತು.

ಆದರೆ ಸೀಳಿದ ಗುಡ್ಡ ಮಳೆಗಾಲದಲ್ಲಿ ಸುಮ್ಮನಿರಲಿಲ್ಲ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಹಳಿ ಮೇಲೆ ಕುಸಿದಿದ್ದ ಮಣ್ಣು, ಬಂಡೆಗೆ ಬಡಿಯಿತು. 50ಕ್ಕೂ ಹೆಚ್ಚು ಮಂದಿ ಸತ್ತರು. ಒಂದು ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಮುಂಬೈಗೆ ಹೋಗುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕರಂಜಾಡಿ ಹತ್ತಿರ ಹಳಿ ಮೇಲೆ ಬಿದ್ದಿದ್ದ ಬಂಡೆಗೆ ಬಡಿದು ಹಳಿ ತಪ್ಪಿತು. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಎರಡೂ ನಮ್ಮ ಊರಿನವರು ಹತ್ತುವ ರೈಲುಗಳು.

ಆ ನಂತರ ಗುಡ್ಡಗಳ ಇಳಿಜಾರು ಕಡಿಮೆ ಮಾಡುವ, ಉಕ್ಕಿನ ಬಲೆ ಹೊದಿಸುವ, ಗೋಡೆ ಕಟ್ಟುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಬಂತು. ಹಲವು ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ನಡೆಯಿತು. ಆ ದಿನಗಳಲ್ಲಿ ರೈಲಿನ ವೇಗ ಕಡಿಮೆ. ಜೋರು ಮಳೆ ಸುರಿದು ಮುಂದಿನ ದಾರಿ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು ಚಾಲಕರಿಗೆ ಸೂಚನೆ ಇದೆ. ಅಪಾಯದ ಜಾಗಗಳಲ್ಲಿ ಹಗಲು ರಾತ್ರಿ ಕಾವಲುಗಾರರು. ನೂರಾರು ಮಂದಿ ಹಳಿ ಉದ್ದಕ್ಕೂ ನಡೆದು ನೋಡುತ್ತಾರೆ.

ಇಲ್ಲೇ ನಮ್ಮ ಸೇತುವೆಯ ಗಾಳಿ ಯಂತ್ರ ಮತ್ತು ಭಟ್ಕಳದ ಮಳೆ ಯಂತ್ರದ ಮಹತ್ವ ತಿಳಿಯುವುದು. ಯಂತ್ರ ಅಳೆಯುತ್ತದೆ. ಮಳೆ ಜಾಸ್ತಿಯಾದರೆ ಸಂಬಂಧಪಟ್ಟ ಅಧಿಕಾರಿಗೆ ಎಚ್ಚರಿಕೆ ಹೋಗುತ್ತದೆ. ಆ ಅಧಿಕಾರಿಯ ಕೈಯಲ್ಲಿ ಒಂದು ನಿಯಮ ಇದೆ: ರೈಲು ನಿಧಾನ ಮಾಡು ಅಥವಾ ನಿಲ್ಲಿಸು. ತಮಿಳುನಾಡಿನ ಪಾಂಬನ್ ಹಳೆ ಸೇತುವೆಯಲ್ಲೂ ಹೀಗೇ ಇತ್ತು. ಗಾಳಿ ಗಂಟೆಗೆ 58 ಕಿಲೋಮೀಟರ್ ದಾಟಿದರೆ ರೈಲು ಬಿಡುತ್ತಿರಲಿಲ್ಲ. ಅಲ್ಲಿ ‘ಪರವಾಗಿಲ್ಲ, ಹೋಗೋಣ’ ಎನ್ನಲು ಅವಕಾಶ ಇಲ್ಲ.

ಪ್ರಯಾಣಿಕ ನಿದ್ದೆ ಮಾಡುತ್ತಿರುತ್ತಾನೆ. ಅವನಿಗೆ ಗಾಳಿಯ ಲೆಕ್ಕ ಗೊತ್ತಾಗಬೇಕಾಗಿಲ್ಲ. ಗೊತ್ತಾಗಬೇಕಾದವರಿಗೆ ಗೊತ್ತಾದರೆ ಸಾಕು. ಯಂತ್ರ, ಮನುಷ್ಯ, ನಿಯಮ ಈ ಮೂರನ್ನೂ ಒಂದೇ ಸರಪಳಿಯಲ್ಲಿ ಜೋಡಿಸಿದ್ದರಿಂದ ಅದು ಕೆಲಸ ಮಾಡುತ್ತದೆ.

ಒಂದು ದಾರದ ಕತೆ

ಜಾಗಕ್ಕೇ ಬುದ್ಧಿ ಕೊಡುವ ಈ ವಿಚಾರಕ್ಕೆ ಹೆಸರಿಟ್ಟು ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಮಾರ್ಕ್ ವೈಸರ್. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದರು. ಹೌದು, ನಾವು ಆಧಾರ್ ಪ್ರತಿ ತೆಗೆಸಲು ಹೋಗುವ ಅಂಗಡಿಗೆ ಹೆಸರು ಕೊಟ್ಟ ಅದೇ ಜೆರಾಕ್ಸ್. 1991ರಲ್ಲಿ ವೈಸರ್ ಬರೆದ ಒಂದು ಲೇಖನ ಪ್ರಸಿದ್ಧವಾಯಿತು. ಮುಂದೆ ಕಂಪ್ಯೂಟರುಗಳು ಕೈಯಗಲದಿಂದ ಗೋಡೆಯಗಲದವರೆಗೆ ನಾನಾ ಗಾತ್ರದಲ್ಲಿ ಎಲ್ಲೆಲ್ಲೂ ಇರುತ್ತವೆ, ಆದರೆ ಅವು ಇವೆ ಎನ್ನುವುದೇ ನಮಗೆ ಮರೆತುಹೋಗಬೇಕು, ಆಗಲೇ ಅವು ಒಳ್ಳೆಯ ಯಂತ್ರಗಳು ಎಂಬುದು ಅವರ ವಾದ. ಅವರು 1999ರಲ್ಲಿ ತೀರಿಕೊಂಡರು. ಸ್ಮಾರ್ಟ್‌ಫೋನ್ ಕಾಲವನ್ನು ನೋಡಲಿಲ್ಲ.

ಅದೇ ಕೇಂದ್ರದಲ್ಲಿ ಕಲಾವಿದೆ ನಟಾಲಿ ಜೆರೆಮಿಜೆಂಕೊ ಒಂದು ಪ್ರಯೋಗ ಮಾಡಿದರು. ಚಾವಣಿಗೆ ಒಂದು ಸಣ್ಣ ಮೋಟಾರು. ಅದರಿಂದ ಸುಮಾರು ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರ ಇಳಿಬಿಟ್ಟರು. ಮೋಟಾರನ್ನು ಕಚೇರಿಯ ಕಂಪ್ಯೂಟರ್ ಜಾಲದ ತಂತಿಗೆ ಜೋಡಿಸಿದರು. ಜಾಲದಲ್ಲಿ ಕೆಲಸ ಕಡಿಮೆ ಇದ್ದರೆ ದಾರ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. ಕೆಲಸ ಹೆಚ್ಚಾದರೆ ಗಿರಗಿರನೆ ತಿರುಗಿ ಸದ್ದು ಮಾಡುತ್ತಿತ್ತು. ಯಾರೂ ಪರದೆ ನೋಡಬೇಕಿರಲಿಲ್ಲ. ಓಡಾಡುವವರು ಕಣ್ಣಂಚಿನಲ್ಲೇ ತಿಳಿದುಕೊಳ್ಳುತ್ತಿದ್ದರು. ವೈಸರ್ ಮತ್ತು ಅವರ ಸಹೋದ್ಯೋಗಿ ಜಾನ್ ಸೀಲಿ ಬ್ರೌನ್ ಇಂಥದ್ದನ್ನು ಶಾಂತ ತಂತ್ರಜ್ಞಾನ ಎಂದು ಕರೆದರು.

ನಮ್ಮ ಬಂದರಿನ ಕಂಬ ಮಾಡುತ್ತಿದ್ದದ್ದೂ ಇದನ್ನೇ. ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಬಲೆ ಒಣಗಿಸುತ್ತಿರುವವರಿಗೆ, ದೋಣಿಗೆ ಎಣ್ಣೆ ಹಚ್ಚುತ್ತಿರುವವರಿಗೆ ತಲೆ ಎತ್ತಿದರೆ ಕಾಣುತ್ತಿತ್ತು. ಕ್ಯಾಲಿಫೋರ್ನಿಯಾದವರು ಲೇಖನ ಬರೆದು ಹೇಳಿದ್ದನ್ನು ಬಂದರಿನವರು ನೂರು ವರ್ಷ ಮೊದಲೇ ದಿನನಿತ್ಯ ಬಳಸುತ್ತಿದ್ದರು.

ಪಂಚಾಯಿತಿಗೊಂದು ಮಳೆ ಯಂತ್ರ

ಈಗ ನಮ್ಮ ಹಳ್ಳಿಗೆ ಬರೋಣ. ರಾಜ್ಯ ಸರ್ಕಾರ 1988ರಲ್ಲಿ ಬರ ನಿಗಾ ಘಟಕ ಎಂದು ಒಂದು ಕಚೇರಿ ತೆರೆಯಿತು. ಮಳೆ ಬಾರದ ಬಯಲುಸೀಮೆಯ ಚಿಂತೆಯಿಂದ ಹುಟ್ಟಿದ್ದು ಅದು. ಅದೇ ಮುಂದೆ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪನ ಯಂತ್ರಗಳನ್ನು ಈ ಕೇಂದ್ರ ಹಾಕಿಸಿತು. ಸೌರಫಲಕದಿಂದ ನಡೆಯುವ ಆ ಯಂತ್ರ 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳಿಸುತ್ತದೆ.

ಎಲ್ಲೆಲ್ಲೂ ಹರಡಿರುವ ಕಂಪ್ಯೂಟರ್ ಎಂದು ವೈಸರ್ ಹೇಳಿದ್ದು ಇದನ್ನೇ. ಅವರು ಕಚೇರಿ, ಮನೆಗಳ ಬಗ್ಗೆ ಯೋಚಿಸಿದ್ದರು. ನಮ್ಮಲ್ಲಿ ಅದು ಪಂಚಾಯಿತಿ ಮಟ್ಟಕ್ಕೆ ಇಳಿದಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ನಮ್ಮ ಮೂರು ತಾಲೂಕುಗಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಆ ಯಂತ್ರದ ಪಕ್ಕ ಹೋಗಿ ನಿಂತರೆ ಅದು ನಮ್ಮೊಡನೆ ಮಾತಾಡುವುದಿಲ್ಲ. ಅದರ ಮಾತುಕತೆ ಏನಿದ್ದರೂ ಬೆಂಗಳೂರಿನ ಜೊತೆ. ಲೆಕ್ಕ ಅಲ್ಲಿಗೆ ಹೋಗಿ, ಅಲ್ಲಿಂದ ಜಿಲ್ಲಾಡಳಿತಕ್ಕೆ ಬಂದು, ಅಲ್ಲಿಂದ ನಮ್ಮಂಥ ವರದಿಗಾರರಿಗೆ ಬರುತ್ತದೆ. ‘ಭಟ್ಕಳದಲ್ಲಿ ಇಷ್ಟು ಮಿಲಿಮೀಟರ್, ಹೊನ್ನಾವರದಲ್ಲಿ ಇಷ್ಟು’ ಎಂದು ನಾವು ಬರೆದು ಅದು ಅಚ್ಚಾಗುವಾಗ ಆ ಮಳೆ ಸಮುದ್ರ ಸೇರಿರುತ್ತದೆ. ಅದು ದಾಖಲೆಗೆ ಬೇಕು, ಪರಿಹಾರದ ಲೆಕ್ಕಕ್ಕೆ ಬೇಕು. ರಾತ್ರಿ ಎರಡು ಗಂಟೆಗೆ ಗುಡ್ಡದ ಬುಡದ ಮನೆಯಲ್ಲಿ ಮಲಗಿದವರಿಗೆ ಅದರಿಂದ ಉಪಯೋಗವಿಲ್ಲ.

ಲೆಕ್ಕದ ಭಾಷೆಯೂ ಒಂದು ತೊಡಕು. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 115.6 ಮಿಲಿಮೀಟರಿನಿಂದ 204.4 ಮಿಲಿಮೀಟರ್‌ವರೆಗೆ ಬಿದ್ದರೆ ಅತಿ ಭಾರೀ ಮಳೆ. ಅದನ್ನೂ ಮೀರಿದರೆ ಅತ್ಯಂತ ಭಾರೀ ಮಳೆ. ಇಷ್ಟು ಅಂಕಿ ಯಾರಿಗೆ ನೆನಪಿರುತ್ತದೆ? ಅದಕ್ಕೇ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣದ ಗುರುತು ಬಂತು. ನಮ್ಮ ಕಡೆ ರೆಡ್ ಅಲರ್ಟ್ ಎಂದರೆ ಏನು ಎಂದು ಯಾವ ಮಗುವನ್ನು ಕೇಳಿದರೂ ಉತ್ತರ ಸಿದ್ಧ: ನಾಳೆ ಶಾಲೆಗೆ ರಜೆ.

ನಗುವ ಮಾತಲ್ಲ ಇದು. ಇಡೀ ವ್ಯವಸ್ಥೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಭಾಗ ಇದೇ. ಬಣ್ಣ ಕೆಂಪಾದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ, ಆದೇಶ ವಾಟ್ಸಾಪಿನಲ್ಲಿ ಅರ್ಧ ಗಂಟೆಯಲ್ಲಿ ಊರೆಲ್ಲ ಹರಡುತ್ತದೆ, ಮಕ್ಕಳು ಹಳ್ಳ ದಾಟುವುದಿಲ್ಲ. ರೈಲಿನ ಹಾಗೆಯೇ ಇಲ್ಲಿಯೂ ಸೂಚನೆಗೆ ಒಂದು ಕೆಲಸ ಜೋಡಿಸಿದೆ. ಮಕ್ಕಳಿಗೆ ರಜೆ ಸಿಕ್ಕಿತು. ಗುಡ್ಡದ ಬುಡದ ಮನೆಯವರಿಗೆ ಅದೇ ಕೆಂಪು ಬಣ್ಣ ಏನು ಮಾಡಿ ಎಂದು ಹೇಳುತ್ತದೆ? ಆ ಕೆಲಸವನ್ನು ಬಣ್ಣಕ್ಕೆ ಇನ್ನೂ ಹೀಗೆ ಗಟ್ಟಿಯಾಗಿ ಜೋಡಿಸಿಲ್ಲ.

ಶರಾವತಿ ದಂಡೆಯವರಿಗೆ ಇಂಥದ್ದೇ ಇನ್ನೊಂದು ಅನುಭವ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹೊಳೆಯ ನೀರು ಮೋಡದ ಜೊತೆಗೆ ಗೇಟಿನ ಮಾತನ್ನೂ ಕೇಳತೊಡಗಿತು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಹೊನ್ನಾವರ ತಾಲೂಕಿನ ಹೊಳೆ ಅಂಚಿನ ಹಳ್ಳಿಗಳಲ್ಲಿ ಈ ಸಂಖ್ಯೆ ಬಾಯಿಪಾಠ. ಮಟ್ಟ ಏರುತ್ತ ಹೋದ ಹಾಗೆ ವಿದ್ಯುತ್ ನಿಗಮ ದಂಡೆಯವರಿಗೆ ಎಚ್ಚರಿಕೆ ಕೊಡುತ್ತದೆ. ಅಡಿಯ ಲೆಕ್ಕ ಜನರಿಗೆ ಒಗ್ಗಿದೆ. ಆದರೆ ‘ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಗುವುದು’ ಎಂದರೆ ನಮ್ಮ ತೋಟದ ಯಾವ ಅಂಚಿಗೆ ನೀರು ಬರುತ್ತದೆ ಎನ್ನುವುದು ಗೊತ್ತಾಗುವುದಿಲ್ಲ. ‘ದೇವಸ್ಥಾನದ ಮೂರನೇ ಮೆಟ್ಟಿಲು ಮುಳುಗುತ್ತದೆ’ ಎಂದರೆ ಅಜ್ಜಿಗೂ ಗೊತ್ತಾಗುತ್ತದೆ.

ಸಮುದ್ರದಲ್ಲಿ ದೋಣಿ, ಆಕಾಶದಲ್ಲಿ ಉಪಗ್ರಹ

ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಕೇಂದ್ರ 1999ರಲ್ಲಿ ಶುರುವಾಯಿತು. ಉಪಗ್ರಹದಿಂದ ಸಮುದ್ರದ ಮೇಲ್ಮೈಯ ಬಿಸಿ ಎಷ್ಟು, ನೀರಿನಲ್ಲಿ ಹಸಿರು ಪಾಚಿಯ ಅಂಶ ಎಷ್ಟು ಎಂದು ನೋಡಿ, ಮೀನು ಎಲ್ಲಿ ಸೇರಬಹುದು ಎಂದು ಅದು ಅಂದಾಜು ಹೇಳುತ್ತದೆ. ಕನ್ನಡದಲ್ಲೂ ಬರುತ್ತದೆ. ಮೋಡ ಕವಿದಾಗ ಮತ್ತು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಇರುವುದಿಲ್ಲ.

ಅದರಲ್ಲಿ ಒಂದು ಜಾಣತನ ಇದೆ. ಅಕ್ಷಾಂಶ ರೇಖಾಂಶದ ಜೊತೆಗೆ, ದಡದ ಗೊತ್ತಿರುವ ಜಾಗದಿಂದ ಯಾವ ದಿಕ್ಕಿಗೆ ಎಷ್ಟು ದೂರ ಎಂದೂ ಹೇಳುತ್ತಾರೆ. ತದಡಿಯವರಿಗೆ ತದಡಿಯಿಂದ, ಭಟ್ಕಳದವರಿಗೆ ಭಟ್ಕಳದಿಂದ ದೂರ ಹೇಳಿದರೆ ತಲೆಯಲ್ಲೇ ನಕ್ಷೆ ಮೂಡುತ್ತದೆ. ಆಳ ಮಾತ್ರ ಮೀಟರಿನಲ್ಲಿ. ನಮ್ಮ ದೋಣಿಯವರ ಬಾಯಲ್ಲಿ ಆಳ ಎಂದರೆ ಮಾರು. ಎರಡು ಕೈ ಚಾಚಿದಷ್ಟು ಉದ್ದ, ಹೆಚ್ಚುಕಡಿಮೆ ಆರು ಅಡಿ. ‘ಹತ್ತು ಮಾರು ನೀರು’ ಎಂದರೆ ಅಲ್ಲಿ ಬಲೆ ಹೇಗೆ ಬಿಡಬೇಕು ಎನ್ನುವುದೂ ಆ ಮಾತಿನಲ್ಲೇ ಬಂತು. ಯಂತ್ರ ಕಟ್ಟುವವರು ಇಂಥ ಅಳತೆಯನ್ನು ಹಳೆಯದೆಂದು ಬಿಡಬಾರದು.

ಮೀನು ಸಿಗದಿದ್ದರೆ ಡೀಸೆಲ್ ನಷ್ಟ. ಎಚ್ಚರಿಕೆ ಸಿಗದಿದ್ದರೆ ಜೀವ ನಷ್ಟ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಬಹಳಷ್ಟು ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ದಡದಲ್ಲಿ ಎಚ್ಚರಿಕೆ ಇತ್ತು, ಅವರ ಹತ್ತಿರ ಅದು ಹೋಗಲಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಮುಗಿಯುತ್ತದೆ. ಬಂದರಿನ ಕಂಬದ ಹಳೆ ಕೊರತೆ ನೂರೈವತ್ತು ವರ್ಷದ ಮೇಲೂ ಹಾಗೇ ಇತ್ತು.

ಒಂದು ವರ್ಷದ ನಂತರ ಆ ನೋವು ನಮ್ಮ ಜಿಲ್ಲೆಗೇ ಬಂತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ 15ರ ರಾತ್ರಿಯಿಂದ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿದ್ದ ಏಳು ಮೀನುಗಾರರಲ್ಲಿ ಐವರು ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಹುಡುಕಾಟ, ಪ್ರತಿಭಟನೆ, ದಿನಕ್ಕೊಂದು ಊಹೆ. 2019ರ ಮೇ ಮೊದಲ ವಾರದಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿತು. ನಾಲ್ಕೂವರೆ ತಿಂಗಳು ಐದು ಮನೆಗಳು ಬಾಗಿಲು ನೋಡುತ್ತ ಕೂತಿದ್ದವು. ಆಕಾಶದಲ್ಲಿ ಅಷ್ಟು ಉಪಗ್ರಹ ಇದ್ದೂ ಒಂದು ಬೋಟ್ ‘ನಾನು ಇಲ್ಲಿದ್ದೇನೆ, ಅಪಾಯದಲ್ಲಿದ್ದೇನೆ’ ಎಂದು ದಡಕ್ಕೆ ಹೇಳುವ ದಾರಿ ಆ ದಿನಗಳಲ್ಲಿ ಸಾಮಾನ್ಯ ಬೋಟುಗಳಿಗೆ ಇರಲಿಲ್ಲ.

2019ರ ಅಕ್ಟೋಬರಿನಲ್ಲಿ ಜೆಮಿನಿ ಎಂಬ ಸಣ್ಣ ಯಂತ್ರ ಬಿಡುಗಡೆಯಾಯಿತು. ಗಗನ್ ಉಪಗ್ರಹ ವ್ಯವಸ್ಥೆಯಿಂದ ಸಂದೇಶ ಹಿಡಿದು ಬ್ಲೂಟೂತ್ ಮೂಲಕ ಮೀನುಗಾರನ ಫೋನಿಗೆ ಕೊಡುತ್ತದೆ. ಸಿಗ್ನಲ್ ಇಲ್ಲದ ಕಡೆಯೂ ಎಚ್ಚರಿಕೆ ಸಿಗುತ್ತದೆ. ಆದರೆ ಅದು ಕೇಳುವ ಯಂತ್ರ ಮಾತ್ರ, ದೋಣಿಯಿಂದ ದಡಕ್ಕೆ ಹೇಳಲಾಗದು. ಎರಡೂ ಕಡೆ ಮಾತಾಡುವ ಟ್ರಾನ್ಸ್‌ಪಾಂಡರ್ ಆ ನಂತರ ಬಂತು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಡಿ 13 ಕರಾವಳಿ ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಬೋಟುಗಳಿಗೆ ಇದನ್ನು ಹಾಕುವ ಗುರಿ. ಅಪಾಯವಾದರೆ ಬೋಟಿನಿಂದಲೇ ತುರ್ತು ಸಂದೇಶ ಕಳಿಸಬಹುದು.

ಇದರಲ್ಲೂ ಮನುಷ್ಯನ ಪ್ರಶ್ನೆ ಇದೆ. ಬೋಟ್ ಎಲ್ಲಿದೆ ಎಂದು ಹೇಳುವ ಯಂತ್ರ, ಮೀನು ಎಲ್ಲಿ ಸಿಕ್ಕಿತು ಎನ್ನುವ ಗುಟ್ಟನ್ನೂ ಹೇಳುತ್ತದೆ. ತಾಂಡೇಲನಿಗೆ ಆ ಜಾಗವೇ ಆಸ್ತಿ. ಮಾಹಿತಿ ಯಾರ ಕೈಯಲ್ಲಿರುತ್ತದೆ, ಬೇರೆಯವರಿಗೆ ಸಿಗುತ್ತದೆಯೇ ಎಂದು ಅವನು ಕೇಳಿದರೆ ಅದು ತಂತ್ರಜ್ಞಾನದ ವಿರೋಧವಲ್ಲ. ಆ ಪ್ರಶ್ನೆಗೆ ನೇರ ಉತ್ತರ ಸಿಕ್ಕರೆ ಯಂತ್ರ ಬೋಟಿನಲ್ಲಿ ಚಾಲೂ ಇರುತ್ತದೆ. ಸಿಗದಿದ್ದರೆ ಸ್ವಿಚ್ ಆಫ್ ಆಗುತ್ತದೆ.

ಗುಡ್ಡ ಮಾತಾಡುವುದಿಲ್ಲ

2022ರ ಆಗಸ್ಟ್ 2ರ ಬೆಳಗ್ಗೆ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯೊಳಗಿದ್ದ ನಾಲ್ವರು ಸತ್ತರು. ಹಿಂದಿನ ರಾತ್ರಿಯಿಡೀ ತಾಲೂಕಿನಲ್ಲಿ ಲೆಕ್ಕಕ್ಕೆ ಮೀರಿದ ಮಳೆ. ಪೇಟೆ, ಹೆದ್ದಾರಿ ಎಲ್ಲ ನೀರು. ಮಳೆ ಅಳೆಯುವ ಯಂತ್ರಗಳು ತಾಲೂಕಿನಲ್ಲಿದ್ದವು. ಆದರೆ ಅವು ಆಕಾಶದಿಂದ ಬಿದ್ದ ನೀರನ್ನು ಅಳೆಯುತ್ತವೆ. ಮನೆ ಹಿಂದಿನ ಗುಡ್ಡ ಎಷ್ಟು ನೀರು ಕುಡಿದಿದೆ, ಇನ್ನೆಷ್ಟು ತಡೆದೀತು ಎನ್ನುವುದು ಅವುಗಳ ಕೆಲಸವಲ್ಲ.

2024ರ ಜುಲೈ 16ರಂದು ನಮ್ಮ ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಚಹಾ ಅಂಗಡಿ, ಲಾರಿಗಳು ಗಂಗಾವಳಿ ಹೊಳೆಗೆ ಹೋದವು. ಸತ್ತವರು, ನಾಪತ್ತೆಯಾದವರು ಸೇರಿ 11 ಮಂದಿ. ಎದುರು ದಂಡೆಯ ಉಳುವರೆಗೂ ಹೊಳೆ ನೀರು ಅಲೆಯಾಗಿ ಬಡಿಯಿತು. ಕೇರಳದ ಲಾರಿ ಚಾಲಕನ ದೇಹ ಲಾರಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಗುಡ್ಡ ಸೀಳಿದ ಕತೆ ರೈಲಿನದೂ ಹೆದ್ದಾರಿಯದೂ ಒಂದೇ. ರೈಲಿಗೆ 2003, 2004ರ ನಂತರ ಒಂದು ಶಿಸ್ತು ಬಂತು: ಮಳೆಗಾಲದ ವೇಗ, ರಾತ್ರಿ ಕಾವಲು, ಮಳೆ ಹೆಚ್ಚಾದರೆ ನಿಲ್ಲಿಸುವ ಅಧಿಕಾರ. ರೈಲಿಗೆ ಒಬ್ಬನೇ ಯಜಮಾನ, ಆದ್ದರಿಂದ ಸುಲಭ ಎನ್ನಬಹುದು. ಹೆದ್ದಾರಿಯಲ್ಲಿ ಸಾವಿರಾರು ಚಾಲಕರು, ಗುಡ್ಡದ ಬುಡದಲ್ಲಿ ಸಾವಿರಾರು ಮನೆಗಳು. ಆದರೂ ಮಳೆ ಇಷ್ಟು ದಾಟಿದರೆ ಈ ತಿರುವಿನಲ್ಲಿ ವಾಹನ ನಿಲ್ಲಬಾರದು, ಈ ಹತ್ತು ಮನೆಯವರು ಶಾಲೆಗೆ ಬರಬೇಕು ಎಂಬ ನಿಯಮ ಮಾಡಲು ಉಪಗ್ರಹ ಬೇಕಾಗಿಲ್ಲ. ಪಂಚಾಯಿತಿಯ ಮಳೆ ಯಂತ್ರ ಈಗಾಗಲೇ ಇದೆ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಮ್ಮೆಗೇ ವಿಚಿತ್ರ ಸದ್ದು ಮಾಡಿದ್ದು ನಿಮಗೆ ನೆನಪಿರಬಹುದು. ಪರದೆ ಮೇಲೆ ಸಂದೇಶ. ಹಲವರು ಫೋನ್ ಹಾಳಾಯಿತೆಂದು ಗಾಬರಿಯಾದರು. ಅದು ದೂರಸಂಪರ್ಕ ಇಲಾಖೆ ಮತ್ತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನಡೆಸಿದ ಪರೀಕ್ಷೆ. ಈ ಪದ್ಧತಿಯಲ್ಲಿ ಯಾರ ನಂಬರೂ ಬೇಕಿಲ್ಲ, ಆ್ಯಪ್ ಬೇಕಿಲ್ಲ. ಒಂದು ಟವರಿನಡಿ ಇರುವ ಫೋನುಗಳಿಗೆಲ್ಲ ಒಟ್ಟಿಗೆ ಎಚ್ಚರಿಕೆ ಹೋಗುತ್ತದೆ. ಅಂದರೆ ಮುಟ್ಟಳ್ಳಿಗೆ ಬೇಕಾದ ಎಚ್ಚರಿಕೆಯನ್ನು ಬೆಂಗಳೂರಿಗೆಲ್ಲ ಕಳಿಸಬೇಕಾಗಿಲ್ಲ. ಘಟ್ಟದ ಬುಡದ ಕೆಲವು ಮಜರೆಗಳಲ್ಲಿ ಟವರೇ ಸಿಗದು. ಜೋರು ಮಳೆಯ ರಾತ್ರಿ ಕರೆಂಟ್ ಹೋದರೆ ಇದ್ದ ಟವರೂ ಸುಮ್ಮನಾಗುತ್ತದೆ. ಅಲ್ಲಿಗೆ ಇವತ್ತೂ ಬೇಕಾಗುವುದು ಬಾಗಿಲು ಬಡಿಯುವ ಒಬ್ಬ ಮನುಷ್ಯ.

ಗ್ರಾಮಸಭೆಯಲ್ಲಿ ಕೇಳಬೇಕಾದದ್ದು

ಕಂಬದಿಂದ ಟ್ರಾನ್ಸ್‌ಪಾಂಡರ್‌ವರೆಗಿನ ಈ ಇತಿಹಾಸದಲ್ಲಿ ಯಂತ್ರದ ಕಿವಿ ಬೆಳೆಯುತ್ತಲೇ ಬಂದಿದೆ. ಮೊದಲು ಬಂದರಿಗೊಂದು, ಆಮೇಲೆ ಸೇತುವೆಗೊಂದು, ಈಗ ಪಂಚಾಯಿತಿಗೊಂದು, ನಾಳೆ ಬೋಟಿಗೊಂದು. ಎಡವಟ್ಟಾದ ಕಡೆಗಳಲ್ಲೆಲ್ಲ ತೊಂದರೆ ಯಂತ್ರ ಮತ್ತು ಮನುಷ್ಯನ ನಡುವಿನ ಕೊನೆಯ ಒಂದು ಮಾರಿನಲ್ಲಿದೆ. ಆ ಒಂದು ಮಾರನ್ನು ಜೋಡಿಸುವ ಕೆಲಸ ಎಂಜಿನಿಯರ್ ಒಬ್ಬರಿಂದಲೇ ಆಗುವುದಿಲ್ಲ, ಊರಿನವರೂ ಕೂತು ಹೇಳಬೇಕು.

ಮುಂದಿನ ಮಳೆಗಾಲಕ್ಕೆ ಮೊದಲು ನಡೆಯುವ ಗ್ರಾಮಸಭೆಯಲ್ಲಿ ನಾವು, ನೀವು ಕೇಳಬಹುದಾದ ಪ್ರಶ್ನೆಗಳು ಇಷ್ಟು:

ನಮ್ಮ ಪಂಚಾಯಿತಿಯ ಮಳೆ ಯಂತ್ರ ಎಲ್ಲಿದೆ, ಈಗ ನಡೆಯುತ್ತಿದೆಯೇ? ಅದರ ಲೆಕ್ಕ ಊರಿನಲ್ಲಿ ಯಾರ ಫೋನಿಗೆ ಬರುತ್ತದೆ?

ಎಷ್ಟು ಮಳೆ ದಾಟಿದರೆ ಯಾವ ಮನೆಯವರು ಏಳಬೇಕು, ಎಲ್ಲಿಗೆ ಹೋಗಬೇಕು? ಆ ಜಾಗದ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ?

ಫೋನ್ ಇಲ್ಲದವರ, ಕಿವಿ ಕೇಳದವರ, ಒಂಟಿ ಮುದುಕರ ಬಾಗಿಲು ಬಡಿಯುವವರು ಯಾರು? ಹೆಸರು ಬರೆದಿಡಲಾಗಿದೆಯೇ?

ಅಳ್ವೆಕೋಡಿ, ಕಾಸರಕೋಡ, ತದಡಿಯ ಎಷ್ಟು ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಬಂತು? ತುರ್ತು ಗುಂಡಿ ಒತ್ತಿದರೆ ದಡದಲ್ಲಿ ಎದ್ದು ನೋಡುವವರು ಯಾರು?

ಶರಾವತಿ ಸೇತುವೆಯ ಗಾಳಿ ಯಂತ್ರಕ್ಕೆ ಇಂಥ ಎಲ್ಲ ಪ್ರಶ್ನೆಗೂ ಉತ್ತರ ಮೊದಲೇ ಬರೆದಿಟ್ಟಿದೆ. ಗುಡ್ಡದ ಬುಡದ ಮನೆಗೂ, ನಡುಗಡಲಿನ ಬೋಟಿಗೂ ಅದೇ ಉತ್ತರ ಬರೆದಿಡಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಗ್ರಾಮಸಭೆ ಯಾವ ದಿನ ಎಂದು ಪಂಚಾಯಿತಿಯಲ್ಲಿ ಇವತ್ತೇ ವಿಚಾರಿಸಿ. ಹೋಗುವಾಗ ಗುಡ್ಡದ ಬುಡದಲ್ಲಿ ಮನೆ ಇರುವ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.